ಬಾಜಾ ಬೆನ್ನ ಹತ್ತಿದ ಹುಡುಗ

ಓಣ್ಯಾಗ ಬ್ಯಾಂಡ್ ಬಾಜಾ ಬಂತಂದ್ರ ಆ ಹುಡುಗ ಮನ್ಯಾಗ ನಿಲ್ತಿರಲಿಲ್ಲ. ಬೆನ್ನ ಹತ್ತಿ ಹೋಗಿ, ದಣದು ಎಲ್ಲೆರೆ ಮಲಗಿಬಿಡ್ತಿದ್ದ. ಹುಡುಕಿ ಹುಡುಕಿ ಸಾಕಾಗಿ ಅಪ್ಪ ಅಂಗಿ ಮ್ಯಾಲೇ ಬರದ್ರು: ‘ಜೋಶಿ ಮಾಸ್ತರ ಮಗ’.

ಹೌದ್ರಿ, 1922ರ ಫೆಬ್ರವರಿ 4ಕ್ಕ ನಮ್ಮ ರೋಣದಾಗ ಹುಟ್ಟಿದ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ!

ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ಪ್ಲೇಟ್ ಕೇಳಿದ ಮ್ಯಾಲಂತೂ ಹನ್ನೊಂದನೇ ವಯಸ್ಸಿಗೇ ಮನಿ ಬಿಟ್ಟು ರೈಲು ಹತ್ತಿದ. ಗುರುವಿನ ಸಲುವಾಗಿ ಗ್ವಾಲಿಯರ್, ಜಲಂಧರ್ ತಿರುಗಿದ. ಕಡೀಗೆ ಗುರು ಸಿಕ್ಕದ್ದೆಲ್ಲಿ? ಇಲ್ಲೇ, ಕುಂದಗೋಳದಾಗ! ಸವಾಯಿ ಗಂಧರ್ವರ ಹತ್ರ ಚಾಕರಿ ಮಾಡಿಕೋತ ಸಂಗೀತ ಕಲ್ತ. 2008ಕ್ಕ ಭಾರತರತ್ನ ಘೋಷಣೆ ಆತು.

ರೋಣ, ನರಗುಂದ, ಗಜೇಂದ್ರಗಡದ ಅಪ್ಪ-ಅವ್ವಗಳೇ, ನಿಮ್ಮ ಕೂಸು ಡೊಳ್ಳಿನ ಹಿಂದ ಓಡಿದ್ರ ಗದರಬ್ಯಾಡ್ರಿ. ನೀವೂ ಜೋಡಿ ಹೋಗ್ರಿ.