ಸಣ್ಣ ಚೇಳೆಂದು ತಾತ್ಸಾರ ಬೇಡ

ಮುಂಗಾರು ಹನಿ ಬಿದ್ದರೆ ಸಾಕು, ನಮ್ಮ ಬಯಲುಸೀಮೆ ಮನೆಗಳಿಗೆ ಚೇಳು ಬಂದೇ ಬರುತ್ತವೆ. ಕುಳ್ಳಿನ ರಾಶಿ, ಕಲ್ಲುಗೋಡೆಯ ಸಂದು, ಹೊರಗೆ ಬಿಟ್ಟ ಚಪ್ಪಲಿ, ಎಲ್ಲೆಂದರಲ್ಲಿ. ದಪ್ಪ ಕರಿಚೇಳು ಕಂಡರೆ ನಾವು ಹೌಹಾರುತ್ತೇವೆ. ಆದರೆ ಜೀವಕ್ಕೆ ಹೆಚ್ಚು ಅಪಾಯ ಸಣ್ಣ ಕೆಂಪು ಚೇಳಿನದು.

ಕುಟುಕಿದ ಜಾಗದಲ್ಲಿ ಬರೀ ಉರಿ-ನೋವಿದ್ದರೆ ಸೋಪು ಹಾಕಿ ತೊಳೆದು ತಣ್ಣೀರು ಬಟ್ಟೆ ಇಡಿ. ವಾಂತಿ, ಮೈಯೆಲ್ಲ ಬೆವರು, ಕೈಕಾಲು ತಣ್ಣಗಾಗೋದು ಕಂಡರೆ ವಿಷ ಹೃದಯಕ್ಕೆ ತೊಂದರೆ ಕೊಡ್ತಿದೆ ಅಂತಲೇ ತಿಳಿಯಿರಿ. ತಡಮಾಡದೆ ಆಸ್ಪತ್ರೆಗೆ ಹೊರಡಿ. ಮಕ್ಕಳಾದರೆ ಇಷ್ಟಕ್ಕೂ ಕಾಯಬೇಡಿ. ಮಂತ್ರ ಹಾಕಿಸುತ್ತಾ ಕೂರೋದು, ಗಾಯ ಕೊಯ್ಯೋದು, ಹಗ್ಗ ಬಿಗಿಯೋದು ಯಾವುದೂ ಬೇಡ.

ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲೇ ರಕ್ತದೊತ್ತಡದ ಪ್ರಜೋಸಿನ್ ಮಾತ್ರೆಯಿಂದ ಇಂಥವರನ್ನು ಉಳಿಸಬಹುದೆಂದು ತೋರಿಸಿದರು. ಅದನ್ನು ವೈದ್ಯರೇ ಕೊಡಬೇಕು, ನಾವು ನುಂಗಿಸೋದಲ್ಲ. ನಾನಂತೂ ಕುಳ್ಳು ಎತ್ತುವ ಮೊದಲು ಕೋಲಿನಿಂದ ಕೆದಕುತ್ತೇನೆ, ಚಪ್ಪಲಿ ಕೊಡವಿಯೇ ಮೆಟ್ಟುತ್ತೇನೆ.