ಸೂಪರ್‌ಚಾರ್ಜರ್ ಅಳವಡಿಕೆ

ಸೂಪರ್‌ಚಾರ್ಜರ್ ಎಂಬುದು ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಸಾಧನ. ಟರ್ಬೊಚಾರ್ಜರ್ ಹೊಗೆಯ ಒತ್ತಡದಿಂದ ತಿರುಗಿದರೆ, ಇದು ಸಾಮಾನ್ಯವಾಗಿ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನಿಂದಲೇ ಬೆಲ್ಟಿನ ಮೂಲಕ ತಿರುಗುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದಾದ್ದರಿಂದ ಎಂಜಿನ್ನಿನ ಶಕ್ತಿ ಏರುತ್ತದೆ. 1964ರ ಪಾಂಟಿಯಾಕ್ ಜಿಟಿಒ ಮೊದಲಾದ ಅಮೆರಿಕದ ಮಸಲ್ ಕಾರುಗಳಿಗೆ ಖಾಸಗಿ ಗ್ಯಾರೇಜುಗಳಲ್ಲಿ ಇದನ್ನು ಜೋಡಿಸುವ ರೂಢಿಯಿದೆ.

ಇಂತಹ ಕೆಲಸಗಳು ವರ್ಷಗಟ್ಟಲೆ ಅರ್ಧಕ್ಕೆ ನಿಲ್ಲುವುದುಂಟು. ಒತ್ತಡ ಹೆಚ್ಚಿದಾಗ ಇಂಧನವು ಅಕಾಲದಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು. ಆದ್ದರಿಂದ ಹಲವು ಎಂಜಿನ್ನುಗಳಲ್ಲಿ ಸಂಪೀಡನ ಅನುಪಾತವನ್ನು ತಗ್ಗಿಸಬೇಕಾಗುತ್ತದೆ. ಬಳಿಕ ಇಂಧನ ಪಂಪು, ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್, ಕೊನೆಗೆ ಬ್ರೇಕುಗಳ ಸರದಿ. ಒಂದು ಭಾಗದ ಬದಲಾವಣೆ ಮತ್ತೊಂದನ್ನು ಎಳೆದು ತರುತ್ತದೆ.

ಭಾರತದಲ್ಲಿ ಗ್ಯಾರೇಜಿನ ಕೆಲಸ ಮುಗಿದರೂ ಕಾರು ರಸ್ತೆಗಿಳಿಯಲಾರದು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣ ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ವಾಹನ ಮಾಲೀಕರು ಬೆಲ್ಟು ಬಿಗಿಯುವ ಮೊದಲೇ ದಾವಣಗೆರೆಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ (ಕೆಎ 17) ವಿಚಾರಿಸುವುದು ಲೇಸು.

ಐವತ್ತು ವರ್ಷ ಮೀರಿದ ಕಾರುಗಳಿಗೆ 2021ರ ನಿಯಮಗಳು ‘ವಿಂಟೇಜ್’ ನೋಂದಣಿಯನ್ನು ಒದಗಿಸಿವೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಚಾಸಿ, ಒಡಲು ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿದ್ದರೆ ಈ ನೋಂದಣಿ ದೊರೆಯುವುದಿಲ್ಲ.