ಗುಲ್‌ಮೊಹರಿನ ತವರುಮನೆ

ವೈಶಾಖದ ನಡುಹಗಲು. ಊಟದ ಗಿರಾಕಿಗಳ ಗದ್ದಲ ಮುಗಿದು ಸಂಜೆಯ ಕಾಫಿಗೆ ಇನ್ನೂ ಎರಡು ತಾಸು ಇರುವ ಬಿಡುವಿನಲ್ಲಿ, ಹೋಟೆಲಿನ ಹಿಂಬಾಗಿಲಿನಿಂದ ಹೊರಬಂದು ಹೆಗಲ ಚೌಕದಿಂದ ಬೆವರನ್ನೊರೆಸಿಕೊಳ್ಳುತ್ತ ನಿಲ್ಲುವ ನಮ್ಮ ಹುಡುಗರಿಗೆ ಮುಂಬಯಿಯ ಎಷ್ಟೋ ಬೀದಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಗುಲ್‌ಮೊಹರು. ಎರಡು ತಿಂಗಳ ಹಿಂದೆ ಎಲೆಯುದುರಿ, ಒಣಗಿದ ಕಾಯಿಗಳನ್ನು ಕಪ್ಪು ಬಾವಲಿಗಳಂತೆ ತೂಗಿಕೊಂಡು, ಸತ್ತೇಹೋಯಿತೋ ಎಂಬಂತೆ ನಿಂತಿದ್ದ ಮರವಿದೇ. ಈಗ ಅದರ ಮೈಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಕೆಂಪು. ಕೆಳಗಿನ ಡಾಮರೂ ಕೆಂಪು, ನಿಲ್ಲಿಸಿದ ಟ್ಯಾಕ್ಸಿಯ ತಲೆಯೂ ಕೆಂಪು.

ಇಷ್ಟು ಪರಿಚಯದ ಮರವನ್ನು ನಮ್ಮ ದೇಶದ್ದೇ ಎಂದು ನಂಬಿದವರೇ ಹೆಚ್ಚು. ಮರಾಠಿಯವರು ಅದನ್ನು ತಮ್ಮದೆಂದೇ ಎಣಿಸಿದ್ದಾರೆ. ಸಾತಾರಾ ಪಟ್ಟಣದಲ್ಲಿ ಮೇ 1ರಂದು ಗುಲ್‌ಮೊಹರ್ ದಿನವನ್ನಾಚರಿಸುವ ಪದ್ಧತಿಯೂ ಬೆಳೆದುಬಂದಿದೆ. ವಾಸ್ತವದಲ್ಲಿ ಇದು ಹಿಂದೂ ಮಹಾಸಾಗರದ ದ್ವೀಪವೊಂದರ ಸಂತಾನ. ಆಫ್ರಿಕದ ಪೂರ್ವ ಕರಾವಳಿಯಿಂದ ಸುಮಾರು 400 ಕಿಲೋಮೀಟರು ಆಚೆಗೆ, ನಮ್ಮ ಕರ್ನಾಟಕದ ಮೂರರಷ್ಟು ವಿಸ್ತಾರವಾಗಿ ಚಾಚಿಕೊಂಡಿರುವ ಮಡಗಾಸ್ಕರವೇ ಅದರ ತವರು. ಭಾರತಕ್ಕೆ ಅದು ಬಂದು ಎರಡು ಶತಮಾನಗಳೂ ತುಂಬಿಲ್ಲ.

ಅದು ಹೊರಜಗತ್ತಿನ ಕಣ್ಣಿಗೆ ಬಿದ್ದ ಕಥೆ ಸ್ವಾರಸ್ಯವಾಗಿದೆ. ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಬೊಹೀಮಿಯಾದಲ್ಲಿ 1795ರಲ್ಲಿ ಹುಟ್ಟಿದ ವೆನ್ಸೆಸ್ಲಾಸ್ ಬೋಯರ್ ಎಂಬ ಸಸ್ಯಶಾಸ್ತ್ರಜ್ಞನು ಮಾರಿಷಸ್ಸಿಗೆ ಬಂದು, ಕೊನೆಗೆ ಅಲ್ಲಿಯವನೇ ಆಗಿ, 1856ರಲ್ಲಿ ಅಲ್ಲಿಯೇ ಮಡಿದನು. 1820ರ ದಶಕದಲ್ಲಿ ಅವನು ಮಡಗಾಸ್ಕರದಲ್ಲಿ ಸಂಚರಿಸುತ್ತಿದ್ದಾಗ, ಪೂರ್ವ ಕರಾವಳಿಯ ಫೂಲ್‌ಪ್ವಾಂಟ್ ಎಂಬ ಬಂದರಿನ ಬಳಿ ಈ ಮರವನ್ನು ಕಂಡನು. ಅದರ ವರ್ಣನೆ, ಚಿತ್ರಗಳು ಇಂಗ್ಲೆಂಡಿಗೆ ತಲುಪಿ, 1829ರಲ್ಲಿ ಕರ್ಟಿಸನ ಸಸ್ಯಪತ್ರಿಕೆಯಲ್ಲಿ ಹೂಕರ್ ಮಹಾಶಯನು ಅದನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ಅದರ ದಿಗ್ವಿಜಯಕ್ಕೆ ತಡೆಯಿರಲಿಲ್ಲ. ಮಾರಿಷಸ್ಸಿನ ತೋಟಗಳಿಂದ ಬೀಜಗಳು ಹಡಗು ಹತ್ತಿದವು. 19ನೆಯ ಶತಮಾನದ ನಡುಭಾಗಕ್ಕೆ ಮುಂಬಯಿಗೂ ಬಂದವು. 1834ರಿಂದೀಚೆಗೆ ನಮ್ಮ ದೇಶದ ಬಡವರನ್ನು ಕರಾರಿನ ಕೂಲಿಗಳನ್ನಾಗಿ ಮಾರಿಷಸ್ಸಿನ ಕಬ್ಬಿನ ಗದ್ದೆಗಳಿಗೆ ಸಾಗಿಸುತ್ತಿದ್ದ ಕಾಲವದು. ಮನುಷ್ಯರು ಅತ್ತ ಹೋದರು, ಬೀಜಗಳು ಇತ್ತ ಬಂದವು. ಬೀಜಗಳ ಪ್ರಯಾಣವೇ ಸುಖವಾಗಿದ್ದಿರಬೇಕು.

ಆದರೆ ಶಾಸ್ತ್ರಜ್ಞರಿಗೆ ಒಂದು ಒಗಟು ಉಳಿದುಹೋಯಿತು. ಬೋಯರನು ಕಂಡದ್ದು ಜನವಸತಿಯ ಹತ್ತಿರದ ಮರಗಳನ್ನು. ಕಾಡಿನಲ್ಲಿ ತಾನಾಗಿ ಹುಟ್ಟಿದ ಗುಲ್‌ಮೊಹರು ಎಲ್ಲಿದೆ? ಪೂರ್ವದ ಮಳೆಗಾಡುಗಳಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ. ಸಿಂಗಪುರದಿಂದ ಕೆರೇಬಿಯನ್ ದ್ವೀಪಗಳವರೆಗೆ ಬೀದಿಬೀದಿಯಲ್ಲಿ ಬೆಳೆದಿದ್ದ ಮರಕ್ಕೆ ತವರುಮನೆಯ ವಿಳಾಸವೇ ಇರಲಿಲ್ಲ. ನೂರು ವರ್ಷಗಳ ಬಳಿಕ, 1932ರಲ್ಲಿ, ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೇಯಾಂಡ್ರಿ ಅದನ್ನು ದ್ವೀಪದ ಪಶ್ಚಿಮ ಭಾಗದ ಸುಣ್ಣಕಲ್ಲಿನ ಬೆಟ್ಟಸೀಮೆಯಲ್ಲಿ ಕಂಡುಹಿಡಿದನು. ತ್ಸಿಂಗಿ ಎಂದು ಆ ಸೀಮೆಗೆ ಹೆಸರು. ಮಳೆನೀರು ಸುಣ್ಣಕಲ್ಲನ್ನು ಯುಗಯುಗಗಳಿಂದ ಕರಗಿಸಿ ಕೊರೆದು, ಭರ್ಜಿಗಳನ್ನು ಒತ್ತೊತ್ತಾಗಿ ನೆಟ್ಟಂತೆ ಮಾಡಿರುವ ನೆಲ. ಬರಿಗಾಲಿನಲ್ಲಿ ನಡೆಯುವ ಮಾತೇ ಇಲ್ಲ. 1990ರಲ್ಲಿ ಬೆಮರಾಹಾದ ತ್ಸಿಂಗಿಯನ್ನು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಭೂಪಟವನ್ನು ತೆರೆದು ನೋಡಿದರೆ ಇಲ್ಲಿ ಒಂದು ಸೊಗಸಾದ ಸಂಗತಿ ಕಾಣುತ್ತದೆ. ಭೂಮಧ್ಯರೇಖೆಯಿಂದ ಮುಂಬಯಿ ಉತ್ತರಕ್ಕೆ ಎಷ್ಟು ದೂರವೋ, ಬೆಮರಾಹಾ ದಕ್ಷಿಣಕ್ಕೆ ಸರಿಸುಮಾರು ಅಷ್ಟೇ ದೂರ: ಎರಡೂ ಕಡೆ 19 ಅಂಶಗಳ ಆಸುಪಾಸು. ಬಿಸಿಲು ಒಂದೇ ಬಗೆಯದು, ಋತು ಮಾತ್ರ ತಿರುಗುಮುರುಗು. ಅಲ್ಲಿಯೂ ವರ್ಷದಲ್ಲಿ ಆರು ತಿಂಗಳಿಗೂ ಮಿಕ್ಕಿ ಒಣಹವೆ. ಆ ಕಾಲದಲ್ಲಿ ನೀರನ್ನುಳಿಸಿಕೊಳ್ಳಲೆಂದು ಮರವು ಎಲೆಗಳನ್ನು ಕೆಡಹಿ ನಿಲ್ಲುತ್ತದೆ. ಸೆಕೆ ಏರಿ ಮಳೆ ಹತ್ತಿರವಾದಾಗ ಹೂವು ಬರುತ್ತದೆ. ಅಲ್ಲಿನ ಬೇಸಗೆ ನವೆಂಬರ್, ಡಿಸೆಂಬರಿನಲ್ಲಿ. ಆದುದರಿಂದ ಮಾರಿಷಸ್, ರಿಯೂನಿಯನ್ ದ್ವೀಪಗಳ ಜನರಿಗೆ ಇದು ಕ್ರಿಸ್‌ಮಸ್ಸಿನ ಹೂವು. ಇಲ್ಲಿಗೆ ಬಂದ ಮರ ನಮ್ಮ ಸೂರ್ಯನ ಲೆಕ್ಕವನ್ನು ಹಿಡಿದು ಮೇ ತಿಂಗಳಲ್ಲಿ ಹೂವಾಯಿತು.

ಹೂವನ್ನು ಕೈಯಲ್ಲಿ ಹಿಡಿದು ನೋಡಿದವರೆಷ್ಟು ಮಂದಿ? ಐದು ದಳಗಳು, ಹತ್ತು ಕೇಸರಗಳು. ನಾಲ್ಕು ದಳಗಳು ಅಪ್ಪಟ ಕೆಂಪು. ಐದನೆಯದು ಮಾತ್ರ ಬಿಳಿ, ಹಳದಿಗಳ ಮೇಲೆ ಕೆಂಪು ಚುಕ್ಕೆ ಗೆರೆಗಳನ್ನು ಹೊತ್ತು ಬಾವುಟದಂತೆ ನೆಟ್ಟಗೆ ನಿಂತಿರುತ್ತದೆ. ಪ್ರತಿಯೊಂದು ದಳದ ಬುಡವೂ ಸಪೂರವಾಗಿ ಉಗುರಿನಂತೆ ಎದ್ದು ಕಾಣುವುದರಿಂದ, ಎದ್ದುಕಾಣುವ ಉಗುರು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ರಾಫಿನೆಸ್ಕ್ ಎಂಬ ಪಂಡಿತನು ಅದರ ಕುಲಕ್ಕೆ ಡೆಲೋನಿಕ್ಸ್ ಎಂದು ಹೆಸರಿಟ್ಟನು. ಆ ಕುಲದ ಪ್ರಭೇದಗಳು ಹನ್ನೊಂದರಷ್ಟು. ಒಂದೆರಡನ್ನು ಬಿಟ್ಟರೆ ಉಳಿದವೆಲ್ಲ ಮಡಗಾಸ್ಕರದವೇ. ಅವುಗಳಲ್ಲಿ ಹೆಚ್ಚಿನವು ಬಿಳಿ ಹೂವಿನವು. ರಾತ್ರಿ ಅರಳಿ ದೊಡ್ಡ ಪತಂಗಗಳನ್ನು ಕರೆಯುತ್ತವೆ. ಕುಟುಂಬದಲ್ಲಿ ಹಗಲಿನ ಬಣ್ಣವನ್ನು ಹಿಡಿದದ್ದು ನಮ್ಮ ಗುಲ್‌ಮೊಹರು.

ಶಾಸ್ತ್ರದ ಮಾತು ಹಾಗಿರಲಿ, ಮಕ್ಕಳಿಗೆ ಈ ಹೂವಿನ ವಿಷಯ ಪಂಡಿತರಿಗಿಂತ ಚೆನ್ನಾಗಿ ಗೊತ್ತು. ಬಾವುಟದ ದಳವನ್ನು ಕಿತ್ತು ಬಾಯಿಗೆ ಹಾಕಿದರೆ ಹುಳಿ ಹುಳಿ. ಹಸಿರು ಪುಷ್ಪಪಾತ್ರೆಯ ಎಸಳುಗಳನ್ನು ಉಗುರಿಗೆ ಅಂಟಿಸಿಕೊಂಡು ಹೆಣ್ಣುಮಕ್ಕಳು ರಾಕ್ಷಸಿಯರಾಗುತ್ತಾರೆ. ಎರಡು ಕೇಸರಗಳ ತಲೆಗಳನ್ನು ಕೊಕ್ಕೆ ಹಾಕಿ ಜಗ್ಗಿ, ಯಾರ ತಲೆ ಹಾರಿತೆಂದು ನೋಡುವ ಕೋಳಿ ಅಂಕ ಇನ್ನೊಂದು. ಎರಡಡಿಯವರೆಗೂ ಬೆಳೆಯುವ ಒಣ ಕಾಯಿ ಸಿಕ್ಕಿತೆಂದರೆ ಬಯಲಾಟದ ಬಭ್ರುವಾಹನನಿಗೆ ಕತ್ತಿಯೂ ಆಯಿತು, ಅಲ್ಲಾಡಿಸಿದರೆ ತಾಳವೂ ಆಯಿತು. ಕೆರೇಬಿಯನ್ ದ್ವೀಪಗಳಲ್ಲಿ ಇದನ್ನು ನಿಜವಾಗಿಯೂ ಗಿಲಕಿಯಾಗಿ ಬಾರಿಸುತ್ತಾರೆ.

ಹೆಸರುಗಳನ್ನು ಕೇಳಿದರೆ ಒಂದೊಂದು ನಾಡೂ ಅದನ್ನು ಹೇಗೆ ಮನೆಯೊಳಕ್ಕೆ ಕರೆದುಕೊಂಡಿತೆಂಬುದು ತಿಳಿಯುತ್ತದೆ. ಗುಲ್ ಎಂದರೆ ಹೂವು; ಮೊಹರು ಚಿನ್ನದ ನಾಣ್ಯವೆಂದು ಕೆಲವರು, ಅದು ಮೋರ್, ಅಂದರೆ ನವಿಲು ಎಂದು ಕೆಲವರು. ತಮಿಳರ ಮಯಿಲ್ ಕೊನ್ರೈ ಎಂಬ ಹೆಸರಿನಲ್ಲಿಯೂ ನವಿಲಿದೆ. ಬಂಗಾಳಿಗಳಿಗೆ ಅದು ಕೃಷ್ಣಚೂಡಾ, ಕೃಷ್ಣನ ಮುಡಿಯ ತುರಾಯಿ. ವಿಯೆಟ್ನಾಮಿನಲ್ಲಿ ಪರೀಕ್ಷೆ ಮುಗಿದು ಶಾಲೆ ಬಿಡುವ ದಿನಗಳ ಹೂವು. ಕೇರಳದ ಕ್ರೈಸ್ತರಲ್ಲಿ ಒಂದು ಕಥೆಯಿದೆ: ಯೇಸುವನ್ನು ಶಿಲುಬೆಗೇರಿಸಿದ ಕಾಲ್ವರಿಯಲ್ಲಿ ಈ ಮರದ ಗಿಡವೊಂದಿತ್ತಂತೆ, ರಕ್ತ ಸಿಡಿದು ಅದರ ಹೂವು ಕೆಂಪಾಯಿತಂತೆ. ಮರ ಬಂದು ಇನ್ನೂರು ವರ್ಷವಾಗುವ ಮೊದಲೇ ಎರಡು ಸಾವಿರ ವರ್ಷದ ಪುರಾಣ ಅದಕ್ಕೆ ದೊರಕಿಬಿಟ್ಟಿತು! ನಮ್ಮ ಕನ್ನಡವು ಮಾತ್ರ ಲೆಕ್ಕವನ್ನು ಮರೆಯಲಿಲ್ಲ. ಕೆಂಪು ತುರಾಯಿ, ದೊಡ್ಡ ರತ್ನಗಂಧಿ ಎಂಬ ಹೆಸರುಗಳ ಜೊತೆಗೆ ಸೀಮೆ ಸಂಕೇಶ್ವರ ಎಂಬ ಹೆಸರೂ ಇದೆ. ನಮ್ಮ ಬಯಲುಸೀಮೆಯಲ್ಲಿ ಹಿಂದಿನಿಂದಲೂ ಬೆಳೆದಿದ್ದ, ವಾತರೋಗಕ್ಕೆ ಎಲೆ ಕೊಡುತ್ತಿದ್ದ ಬಿಳಿ ಹೂವಿನ ಸಂಕೇಶ್ವರವು ಇದೇ ಡೆಲೋನಿಕ್ಸ್ ಕುಲದ್ದು. ಹೊಸದಾಗಿ ಬಂದದ್ದನ್ನು ಕಂಡ ನಮ್ಮ ಹಿರಿಯರು, ಸೀಮೆಯಿಂದ ಬಂದ ಸಂಕೇಶ್ವರವಿದು ಎಂದರು. ಸೀಮೆಎಣ್ಣೆ, ಸೀಮೆಸುಣ್ಣಗಳ ಸಾಲಿಗೆ ಸೇರಿಸಿದರೂ ನೆಂಟಸ್ತಿಕೆಯನ್ನು ಸರಿಯಾಗಿಯೇ ಗುರುತಿಸಿದ್ದರು.

ಇನ್ನು ಕಷ್ಟದ ಮಾತು. ಮುಂಗಾರು ಬಂತೆಂದರೆ ಮುಂಬಯಿಯ ಪತ್ರಿಕೆಗಳಲ್ಲಿ ಮರ ಬಿದ್ದ ವಾರ್ತೆಗಳು ತಪ್ಪುವುದಿಲ್ಲ. ಅವುಗಳಲ್ಲಿ ಗುಲ್‌ಮೊಹರಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಬೆಳಗಿನ ಹಾಲಿನವನು, ಬಸ್ಸಿಗೆ ನಿಂತ ಗುಮಾಸ್ತ, ಸೈಕಲ್ಲಿನಲ್ಲಿ ಊಟದ ಡಬ್ಬಿ ಒಯ್ಯುವ ಹುಡುಗ—ಬೀದಿಯಲ್ಲೇ ದುಡಿಯುವವರಿಗೆ ಇದು ಪ್ರಾಣದ ಪ್ರಶ್ನೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಈ ಒಂದು ನಗರದಲ್ಲೇ ಎರಡು ಸಾವಿರಕ್ಕೂ ಮಿಕ್ಕಿ ಮರಗಳುರುಳಿದವು. ಆಗ ಎದ್ದ ಕೂಗೆಂದರೆ, ಇವು ಪರದೇಶದ ಮರಗಳು, ಈ ನೆಲಕ್ಕೆ ಒಗ್ಗಿದವಲ್ಲ, ಕಡಿದುಹಾಕಿ ಎಂಬುದು. ಪರಊರಿನಲ್ಲಿ ಅನ್ನ ಹುಡುಕಿಕೊಂಡ ನಮ್ಮಂಥವರಿಗೆ ಈ ತರ್ಕ ಕಿವಿಗೆ ಹೊಸದಲ್ಲ. ಆದರೂ ಮಮತೆಯನ್ನು ಬದಿಗಿಟ್ಟು ವಿಚಾರಿಸಬೇಕು, ಮರದಲ್ಲಿ ದೋಷವಿಲ್ಲವೆನ್ನಲಾಗದು.

ಅದರ ಕಟ್ಟಿಗೆ ಹಗುರ, ಪೆಡಸು. ಎತ್ತರಕ್ಕಿಂತ ಅಗಲವೇ ಹೆಚ್ಚಾಗುವಂತೆ ಕೊಡೆಯಾಕಾರದಲ್ಲಿ ಬೆಳೆಯುವುದರಿಂದ ಉದ್ದನೆಯ ಕೊಂಬೆಗಳ ಭಾರವೆಲ್ಲ ಸಂದಿಯ ಮೇಲೆ ಬೀಳುತ್ತದೆ. ಬೇರುಗಳು ಆಳಕ್ಕಿಳಿಯುವುದಕ್ಕಿಂತ ಮೇಲುಮಣ್ಣಿನಲ್ಲಿ ದೂರಕ್ಕೆ ಹರಡುತ್ತವೆ. ತೆಳುಮಣ್ಣಿನ ಬಂಡೆಗಾಡಿನಲ್ಲಿ ಬದುಕುವ ಮರಕ್ಕೆ ಅದು ಸಹಜವಾದ ಉಪಾಯ: ಕಲ್ಲನ್ನಪ್ಪಿಕೊಂಡು ಎಷ್ಟು ದೂರ ಹರಡಿದರೆ ಅಷ್ಟು ಭದ್ರ. ಮುಂಬಯಿಯಲ್ಲಿ ಅದಕ್ಕೆ ನಾವು ಕೊಟ್ಟದ್ದೇನು? ತವರಿನಲ್ಲಿ ಕಾಣದಷ್ಟು ಮಳೆ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಅದೇ ವೇಳೆಗೆ ಹೊಸ ಎಲೆ ತುಂಬಿ ಕೊಡೆ ಹಾಯಿಪಟದಂತೆ ಗಾಳಿಗೆ ಎದುರಾಗುತ್ತದೆ. ಇದನ್ನು ತಡೆದುಕೊಳ್ಳಲು ಹರಡಿದ ಬೇರೊಂದೇ ಆಧಾರ. ಆ ಬೇರನ್ನು ಒಂದು ವರ್ಷ ಚರಂಡಿಗಾಗಿ, ಮರುವರ್ಷ ನೀರಿನ ಕೊಳವೆಗಾಗಿ, ಮೂರನೆಯ ವರ್ಷ ದೂರವಾಣಿಯ ತಂತಿಗಾಗಿ ಕಡಿಯುತ್ತೇವೆ. ಉಳಿದುದನ್ನು ಸಿಮೆಂಟಿನಿಂದ ಕಾಂಡದ ತನಕ ಮುಚ್ಚುತ್ತೇವೆ. ನೀರೂ ಇಲ್ಲ, ಗಾಳಿಯೂ ಇಲ್ಲದ ಬೇರು ಕೊಳೆಯುತ್ತದೆ. ಮೇಲುಗಡೆ ಮಾತ್ರ ಹೂವು ಎಂದಿನಂತೆಯೇ ಬರುತ್ತಿರುತ್ತದೆ, ಮೋಸವಿರುವುದು ಇಲ್ಲಿಯೇ. ಬೇರು ಕಡಿದ ಎಷ್ಟೋ ಮಳೆಗಾಲಗಳ ನಂತರ ಮರ ಬೀಳುವುದರಿಂದ, ಗುದ್ದಲಿ ಹಿಡಿದವನ ನೆನಪು ಯಾರಿಗೂ ಇರುವುದಿಲ್ಲ.

ಇದಕ್ಕೆ ಕಾನೂನಿನ ಆಧಾರವಿದೆಯೆಂಬುದನ್ನು ವಾಚಕರು ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ 1975ರ ವೃಕ್ಷಸಂರಕ್ಷಣಾ ಕಾಯಿದೆಯ ಪ್ರಕಾರ ನಗರದ ಮರವನ್ನು ಅನುಮತಿಯಿಲ್ಲದೆ ಕಡಿಯುವುದು ಅಪರಾಧ. ಮರದ ಸುತ್ತ 1 ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ದಿಲ್ಲಿಯ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆಜ್ಞಾಪಿಸಿತು. ಮುಂಬಯಿ ನಗರಪಾಲಿಕೆಯ ಪ್ರತಿ ವಾರ್ಡಿನಲ್ಲಿಯೂ ಉದ್ಯಾನ ವಿಭಾಗವಿದೆ. ಅಪಾಯದ ಮರದ ಬಗ್ಗೆ ಮಳೆಗಾಲಕ್ಕೆ ಮುಂಚೆ ಅಲ್ಲಿಗೆ ಅರ್ಜಿ ಕೊಡಬಹುದು. ಆದರೆ ಅಪಾಯವನ್ನು ಗುರುತಿಸುವವರು ಯಾರು? ಅಧಿಕಾರಿ ವರ್ಷಕ್ಕೊಮ್ಮೆ ಬಂದಾನು. ಹೋಟೆಲಿನ ಬಾಗಿಲು ತೆರೆಯುವವನು ದಿನಾಲೂ ಅದೇ ಮರವನ್ನು ನೋಡುತ್ತಾನೆ. ಬುಡದಲ್ಲಿ ತಟ್ಟೆಯಂತೆ ಗಟ್ಟಿಯಾದ ಕಂದು ಅಣಬೆ ಎದ್ದಿದ್ದರೆ ಒಳಗೆ ಕೊಳೆತಿದೆಯೆಂದು ತಿಳಿಯಬೇಕು. ನಿನ್ನೆ ನೆಟ್ಟಗಿದ್ದುದು ಇಂದು ವಾಲಿದ್ದರೆ, ವಾಲಿದ ಎದುರು ಬದಿಯ ನೆಲ ಉಬ್ಬಿದ್ದರೆ ಅಥವಾ ಬಿರುಕುಬಿಟ್ಟಿದ್ದರೆ, ಆ ಮರದ ಕೆಳಗೆ ಒಂದು ಗಳಿಗೆಯೂ ನಿಲ್ಲಬಾರದು, ಗಿರಾಕಿಯ ಬಂಡಿಯನ್ನೂ ನಿಲ್ಲಗೊಡಬಾರದು. ಇನ್ನೊಂದು ಮಾತು ನಮ್ಮ ಮಾಲಕರಿಗೆ: ಅಂಗಳ ಚೊಕ್ಕಟವಾಗಿರಲೆಂದು ಮರದ ಸುತ್ತ ಫರ್ಶಿ ಹಾಸುವುದನ್ನೂ, ಪಾತ್ರೆ ತೊಳೆದ ಬಿಸಿನೀರನ್ನು ಬುಡಕ್ಕೆ ಚೆಲ್ಲುವುದನ್ನೂ ದಯವಿಟ್ಟು ನಿಲ್ಲಿಸಬೇಕು.

ತವರಿನಲ್ಲಿಯೂ ಅದರ ಸ್ಥಿತಿ ನೆಮ್ಮದಿಯದೇನಲ್ಲ. ಮಡಗಾಸ್ಕರದ ಪಶ್ಚಿಮದ ಒಣಕಾಡುಗಳು ಬೇಸಾಯದ ಬೆಂಕಿಗೆ, ಇದ್ದಿಲಿನ ಗೂಡುಗಳಿಗೆ ಸಿಕ್ಕಿ ಕರಗುತ್ತಿವೆ. ಹಸಿವಿನವನ ಕೈಯ ಕೊಡಲಿಯನ್ನು ದೂರದಿಂದ ಜರೆಯುವುದು ಸುಲಭ. ಅಲ್ಲಿಯ ಜನಕ್ಕೆ ಅಡಿಗೆಯ ಒಲೆ ಉರಿಯುವುದೇ ಆ ಇದ್ದಿಲಿನಿಂದ. 1998ರಲ್ಲಿ ಅಂತರರಾಷ್ಟ್ರೀಯ ನಿಸರ್ಗಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ಗುಲ್‌ಮೊಹರನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ನಮೂದಿಸಿತ್ತು; ಮುಂದಿನ ಪರಿಶೀಲನೆಯಲ್ಲಿ ಅಷ್ಟು ಭಯವಿಲ್ಲವೆಂದು ಕೆಳಗಿನ ದರ್ಜೆಗೆ ಇಳಿಸಿತು. ಬೀದಿಯ ಮರಗಳಲ್ಲಿ ಬಹುಪಾಲು ಕೆಲವೇ ಬೀಜಗಳ ಸಂತತಿ. ರೋಗವನ್ನೋ ಬರವನ್ನೋ ಎದುರಿಸುವ ಬಗೆಬಗೆಯ ಗುಣಗಳು ಉಳಿದಿರುವುದು ಆ ಸುಣ್ಣಕಲ್ಲಿನ ಕಾಡಿನಲ್ಲಿ.

ರಜೆಗೆ ಊರಿಗೆ ಹೋಗುವಾಗ ಒಂದು ಕಾಯಿಯನ್ನು ಚೀಲದಲ್ಲಿಟ್ಟುಕೊಂಡು ಹೋಗುವ ಆಸೆ ಯಾರಿಗಾದರೂ ಇದ್ದರೆ ಇಷ್ಟು ತಿಳಿದಿರಲಿ. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಹಾಗೆಯೇ ಹೂಳಿದರೆ ವರ್ಷವಾದರೂ ಮೊಳೆಯದೆ ಇರಬಹುದು. ಮರಳುಕಾಗದದಿಂದ ಒಂದು ಬದಿಯನ್ನು ತಿಕ್ಕಿ, ಅಥವಾ ಕುದಿಸಿ ಒಲೆಯಿಂದಿಳಿಸಿದ ನೀರಿನಲ್ಲಿ ಹಾಕಿ, ಒಂದು ರಾತ್ರಿ ನೆನೆಯಿಡಬೇಕು. ಮನೆಯ ಗೋಡೆಗೂ ಬಾವಿಗೂ ಬಹಳ ದೂರದಲ್ಲಿ, ವಿದ್ಯುತ್ತಿನ ತಂತಿಯಿಲ್ಲದ ಕಡೆ, ಗದ್ದೆಯ ಬದುವಿನಲ್ಲಿಯೋ ಶಾಲೆಯ ಬಯಲಿನ ಮೂಲೆಯಲ್ಲಿಯೋ ನೆಟ್ಟರೆ ಒಳ್ಳೆಯದು. ಅಲ್ಲಿ ಅದರ ಬೇರಿಗೆ ಅಡ್ಡಬರುವವರಿಲ್ಲ. ಹೂವಿಗೆ ಐದು ವರ್ಷವಾದರೂ ಕಾಯಬೇಕು. ಕೆಲವು ಮರಗಳು ಹತ್ತು ವರ್ಷ ಕಾಯಿಸುವುದೂ ಉಂಟು.